ಏಳಿಗೆ ಕೋಲು

ನಮ್ಮೂರಿನಲ್ಲಿ ಬುದ್ಧಿವಂತರಿಗೆ ಯಾವತ್ತೂ ಬರವಿರಲಿಲ್ಲ. ಬರ ಬಂದದ್ದು ಬಿಸಿಲಿಗೆ. ಬಿಸಿಲು ಉಳಿದು ಬುದ್ಧಿವಂತರು ಕಡಿಮೆಯಾಗಿದ್ದರೆ ಹೇಗೋ ಬಾಳಿಕೊಂಡು ಹೋಗಬಹುದಿತ್ತು. ಆದದ್ದು ತಿರುಗಾಮುರುಗಾ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಆದ್ದರಿಂದ ಈ ಕಥೆಯನ್ನು ನಾನು ತಣ್ಣಗೆ ಕೂತು ಹೇಳುತ್ತೇನೆಂದು ಯಾರೂ ತಿಳಿಯಬಾರದು.

ಯಾವುದೋ ಸಮುದ್ರದ ಆಚೆ, ಹೆಸರೂ ಗೊತ್ತಿಲ್ಲದ ಒಂದು ಗುಡ್ಡ ಬೆಂಕಿ ಕಾರಿತಂತೆ. ನಮಗೆ ಅದರ ಸದ್ದೂ ಕೇಳಿಸಲಿಲ್ಲ. ಒಂಬತ್ತು ದಿನ ಬೂದಿ ಬಿತ್ತು, ಅಂಗಳ ಗುಡಿಸಿ ಗುಡಿಸಿ ಪೊರಕೆಗಳು ಸವೆದವು, ಆಮೇಲೆ ಬೂದಿ ಬೀಳುವುದು ನಿಂತಿತು. ಆದರೆ ಆಕಾಶ ಮಾತ್ರ ಒಲೆಯ ಹಿಂದಿನ ಗೋಡೆಯ ಬಣ್ಣಕ್ಕೆ ತಿರುಗಿದ್ದು ಹಾಗೆಯೇ ಉಳಿಯಿತು. ನಡುಹಗಲಿನಲ್ಲಿ ಸೂಜಿಗೆ ದಾರ ಪೋಣಿಸಬೇಕಾದರೆ ಬಾಗಿಲಿಗೆ ಬರಬೇಕು. ಉಳಿದದ್ದು ಒಂದೇ ಒಂದು ತುಂಡು ಬಿಸಿಲು. ರಾಶಿ ಒಕ್ಕುವ ಕಣದಷ್ಟು ಅಗಲವಿತ್ತಾದ್ದರಿಂದ ಅದಕ್ಕೆ ಕಣ ಎಂದೇ ಹೆಸರಾಯಿತು. ದಿನವೂ ಹೊತ್ತು ಒಂದು ಮಾರು ಏರಿದ ಮೇಲೆ ಅದು ಮೂಡಣ ಅಗಸೆಬಾಗಿಲಿನಿಂದ ಊರೊಳಗೆ ಬರುತ್ತಿತ್ತು. ಕುಂಬಾರ ಓಣಿ, ಸಂತೆಪೇಟೆ, ಗುಡಿಯ ಮುಂದಿನ ಬಯಲು ಎಲ್ಲ ದಾಟಿ ಸಂಜೆಗೆ ಕೆರೆಯ ನೀರಿಗಿಳಿದು ಹೋಗುತ್ತಿತ್ತು. ನಡಿಗೆ ಥೇಟ್ ಗಬ್ಬದ ಎಮ್ಮೆಯದು. ಅದರ ಅಂಚಿನಿಂದ ಒಂದು ಹೆಜ್ಜೆ ಆಚೆ ಮಬ್ಬು, ಒಂದು ಹೆಜ್ಜೆ ಒಳಗೆ ಮೊದಲಿನ ಬಿಸಿಲೇ, ನೆತ್ತಿ ಸುಡುವಂಥದ್ದು. ಹೊತ್ತು ಹೊತ್ತಿಗೆ ಬರುತ್ತದಲ್ಲ, ಸಾಕು ಎಂದುಕೊಂಡೆವು.

ಹೊಲವನ್ನು ಎತ್ತಿಕೊಂಡು ಕಣದ ಹಿಂದೆ ಹೋಗಲು ಬರುವುದಿಲ್ಲ. ಹೊಲಗಳು ಹೋದವು. ಕೈಲಾದಷ್ಟು ಗಿಡಗಳನ್ನು ಕುಂಡ, ಬುಟ್ಟಿ, ಕಂಠ ಒಡೆದ ಕೊಡಗಳಿಗೆ ಏರಿಸಿದೆವು. ಹತ್ತು ಹೆಜ್ಜೆ ನಡೆಯುವುದು, ಇಳಿಸುವುದು, ಪಕ್ಕದಲ್ಲಿ ಕೂತು ಮಾತಾಡುವುದು, ಕಣ ಜರುಗಿತೋ ಮತ್ತೆ ಎತ್ತುವುದು, ಇದೇ ಊರಿನ ಉದ್ಯೋಗವಾಯಿತು. ಬೆಳಗ್ಗೆ ಎದ್ದ ಕೂಡಲೇ ಹಸಿ ಬಟ್ಟೆಯಿಂದ ಎಲೆಗಳ ಮೇಲಿನ ಬೂದಿ ಒರೆಸಬೇಕು. ಮಕ್ಕಳ ಮುಖ ಒರೆಸುವುದನ್ನು ಮರೆತರೂ ನಡೆಯುತ್ತಿತ್ತು, ಎಲೆ ಮರೆತರೆ ಅದು ಉಸಿರು ಕಟ್ಟಿ ಸುರುಟಿಕೊಳ್ಳುತ್ತಿತ್ತು. ಹುಟ್ಟಿದ ಕೂಸುಗಳಿಗೆ ದಿನಕ್ಕೆ ಅರ್ಧ ತಾಸು ಕಣದಲ್ಲಿ ಮಲಗಲು ಹಕ್ಕಿತ್ತು. ಮೊಣಕಾಲು ಕಾಯಿಸಿಕೊಳ್ಳಲು ಬಂದ ಮುದುಕರನ್ನು ಮಾತ್ರ ಗದರಿಸಿ ಕಳಿಸುತ್ತಿದ್ದೆವು. ಹಪ್ಪಳ ಒಣಗಿಸುವ ಆಸೆಯನ್ನು ಎಲ್ಲರೂ ಬಿಟ್ಟಿದ್ದರು.

ಮಬ್ಬಿನಲ್ಲಿ ಎಲ್ಲವೂ ಸತ್ತವೆಂದು ಹೇಳಿದರೆ ಸುಳ್ಳಾಗುತ್ತದೆ. ಬಚ್ಚಲ ಹಿಂದಿನ ಕೆಸು ಯಾವತ್ತೂ ಇಲ್ಲದಷ್ಟು ಹುಲುಸಾಯಿತು. ಒಂದೊಂದು ಎಲೆಯಲ್ಲಿ ಒಂದು ಕೂಸನ್ನು ಸುತ್ತಬಹುದಿತ್ತು. ವೀಳ್ಯದ ಬಳ್ಳಿಯೂ ಚೆನ್ನಾಗಿಯೇ ಇತ್ತು. ಅವು ಮೊದಲಿನಿಂದಲೂ ನೆರಳಿನ ಜೀವಗಳು. ಬಿಸಿಲುಂಡು ಬೆಳೆದ ಹತ್ತಿ, ಎಳ್ಳು, ಮೆಣಸಿನಕಾಯಿಗಳ ಪಾಡು ಬೇರೆ. ಬದನೆ ಹೂ ಬಿಟ್ಟು ಬಿಟ್ಟು ಉದುರಿಸುತ್ತಿತ್ತು. ಜೇನುಹುಳ ಗೂಡು ಬಿಟ್ಟು ಹೊರಡುತ್ತಿರಲಿಲ್ಲ. ಕುಂಬಳದ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ನಾವೇ ಮುಟ್ಟಿಸಿ, ಇವತ್ತು ಎರಡು ಮದುವೆ ಮಾಡಿದೆ, ಮೂರು ಮದುವೆ ಮಾಡಿದೆ ಎಂದು ನಗುತ್ತಿದ್ದೆವು. ನೆಲದಡಿಯ ಹಗೇವಿನೊಳಗೆ ಹಳೆಯ ಜೋಳ ಇದ್ದುದರಿಂದ ಒಲೆ ಉರಿಯುತ್ತಿತ್ತು. ರೊಟ್ಟಿಗೆ ದಿನವೂ ಕೆಸುವಿನ ಪಲ್ಯ. ಹುಣಸೆಹಣ್ಣು ಕಡಿಮೆ ಬಿದ್ದ ದಿನ ಊರಿಗೆ ಊರೇ ಗಂಟಲು ಕೆರೆದುಕೊಳ್ಳುತ್ತಿತ್ತು.

ನನ್ನ ಹೆಸರು ಬಾಳವ್ವ. ನನ್ನ ಹತ್ತಿರ ನವಣೆ ಬೀಜವಿತ್ತು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ಯಾಕೆಂದರೆ ಊರಿನಲ್ಲಿ ಬೇರೆ ಯಾರ ಹತ್ತಿರವೂ ಇರಲಿಲ್ಲ. ಕೆಲವರು ತಮ್ಮ ಬೀಜವನ್ನು ಅನ್ನ ಮಾಡಿ ಉಂಡರು. ಉಳಿದವರು ಮಬ್ಬು ಕವಿದ ಹೊಲಕ್ಕೇ ಬಿತ್ತಿ ಕಳೆದುಕೊಂಡರು. ನಾನು ನನ್ನತ್ತೆ ಬಿಟ್ಟುಹೋದ ಒಂದು ಸೋರೆಬುರುಡೆಯಲ್ಲಿ ಬೇವಿನೆಲೆ ಬೆರೆಸಿ ಒಂದು ಹಿಡಿ ಇಟ್ಟಿದ್ದೆ. ನವಣೆ ಬೀಜ ವರ್ಷದಿಂದ ವರ್ಷಕ್ಕೆ ಸುಮ್ಮನೆ ಕೂರುವುದಿಲ್ಲ, ಒಳಗೇ ಸಾಯುತ್ತ ಬರುತ್ತದೆ. ಬಿತ್ತಲೇಬೇಕಿತ್ತು. ಆಗಿನ್ನೂ ಓಣಿಗೊಂದು ಪಾಳಿ ಹಚ್ಚಿ ಎಲ್ಲರಿಗೂ ಕಣ ಸಿಗುತ್ತಿದ್ದ ಕಾಲ. ಸಣ್ಣ ಜಗಳಗಳಿದ್ದರೂ ನ್ಯಾಯವಿತ್ತು. ಮೂರು ಅಗಲವಾದ ಬಿದಿರು ಬುಟ್ಟಿಗಳಿಗೆ ಸೆಗಣಿ ಬಳಿದು, ಮಣ್ಣು ತುಂಬಿ, ಆ ಹಿಡಿಯನ್ನೆಲ್ಲ ಬಿತ್ತಿದೆ. ಬುರುಡೆ ಖಾಲಿಯಾಯಿತು. ನನ್ನವು ಮೂರೇ ಬುಟ್ಟಿಯಾದ್ದರಿಂದ ಪಾಳಿಯ ಬಿಸಿಲು ಸಾಕಷ್ಟು ಕುಡಿದು ಪೈರು ಗಿಡ್ಡಗೆ, ಗಟ್ಟಿಯಾಗಿ, ಕಡುಹಸಿರಾಗಿ ಎದ್ದಿತು. ನನ್ನ ಮೊಣಕಾಲಿನ ಮೇಲೆ ಒಂದು ಗೇಣು ಬರುವಷ್ಟರಲ್ಲಿ ತೆನೆಯೂ ಹೊರಟಿತು. ಇನ್ನು ಅದಕ್ಕೆ ಬೇಕಾಗಿದ್ದದ್ದು ಹಾಲು ತುಂಬಿ ಕಾಳಾಗಲು ಹದಿನೈದು ದಿನದ ಬಿಸಿಲು. ಅಷ್ಟು ಸಿಕ್ಕರೆ ಊರಿಗೆ ಮತ್ತೆ ನವಣೆ, ಸಿಗದಿದ್ದರೆ ನವಣೆ ಎಂಬ ಹೆಸರಷ್ಟೇ ಉಳಿಯುತ್ತಿತ್ತು.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮಲ್ಲಿ ಘಟ ಹಾಕುವ ಪದ್ಧತಿ ಇದೆ. ಗುಡಿಯ ಒಳಕೋಣೆಯಲ್ಲಿ ಕತ್ತಲಿನಲ್ಲಿ ಮಣ್ಣು ಹರಡಿ, ಕಾಳು ಬಿತ್ತಿ, ನಡುವೆ ಕಳಶವಿಟ್ಟು, ಒಂಬತ್ತು ದಿನ ನೀರು ಚಿಮುಕಿಸುತ್ತೇವೆ. ಬೆಳಕಿಲ್ಲದೆ ಎದ್ದ ಸಸಿ ಬಂಗಾರದ ಬಣ್ಣಕ್ಕೆ ಉದ್ದವಾಗಿ ಬರುತ್ತದೆ. ಅದು ಎಷ್ಟು ಉದ್ದವೋ ಆ ವರ್ಷ ಊರಿನ ಏಳಿಗೆ ಅಷ್ಟು ಎಂಬ ನಂಬಿಕೆ. ಗಂಡಸರು ಅದನ್ನು ರುಮಾಲಿಗೆ ಸಿಕ್ಕಿಸಿಕೊಳ್ಳುತ್ತಾರೆ, ನಾವು ಹೆರಳಿಗೆ ಮುಡಿಯುತ್ತೇವೆ. ಒಂಬತ್ತು ದಿನದ ಸಂಭ್ರಮಕ್ಕೆ ಅದು ಚೆಂದವೇ. ಅದನ್ನು ಉಂಡು ಬದುಕುತ್ತೇವೆ ಎಂದು ಯಾರೂ ಹೇಳಿರಲಿಲ್ಲ.

ಪ್ರತಿ ವರ್ಷ ಗೇಣುದ್ದ ಬರುತ್ತಿದ್ದ ಸಸಿ ಆ ಸಲ ಒಂದು ಮೊಳ ದಾಟಿತ್ತು. ಪಂಚರ ಹಿರಿಯ ಸಂಗನಬಸಪ್ಪನವರು ಅದನ್ನು ರುಮಾಲಿಗೆ ಸಿಕ್ಕಿಸಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ಗುಡಿಯಿಂದ ಹೊರಗೆ ಬಂದರು. ಹೊರಗೆ ಕಣದ ಸುತ್ತ ಜನ ಗಿಡಗಳನ್ನು ಹಿಡಿದು ನಿಂತಿದ್ದರು. ಅವರವರ ಮನೆಯ ಟೊಮೆಟೊ, ಮೆಣಸು, ಹುರುಳಿ ಎಲ್ಲವೂ, ಗಿಡ ಹೆಚ್ಚಾಗಿ ಪಾಳಿ ಸಾಲದೆ, ಮಬ್ಬಿನಲ್ಲಿ ನಿಂತು ನಿಂತು ಬಿಳಿಚಿ, ಕಡ್ಡಿಯಂಥ ಕಾಂಡ ಚಾಚಿಕೊಂಡು ಉದ್ದವಾಗಿದ್ದವು. ಸಂಗನಬಸಪ್ಪನವರು ಒಮ್ಮೆ ರುಮಾಲಿನ ಸಸಿ ಮುಟ್ಟಿಕೊಂಡರು, ಒಮ್ಮೆ ಆ ಗಿಡಗಳನ್ನು ನೋಡಿದರು, ಎರಡೂ ಕೈ ಎತ್ತಿ ಮುಗಿದರು.

“ಊರಿಗೆ ಊರ ಘಟ ಆಗೇತ್ರೋ!” ಎಂದು ಕೂಗಿದರು. “ದೇವಿ ಇಡೀ ಊರನ್ನ ದೇವರ ಕೋಣಿ ಮಾಡ್ಯಾಳ! ನೋಡ್ರಿ, ಒಂದೊಂದು ಗಿಡದ ಏಳಿಗಿ ನೋಡ್ರಿ!”

ಜನ ಉಧೋ ಉಧೋ ಎಂದರು. ಎರಡು ವರ್ಷ ಗಂಟಲು ಕೆರೆದುಕೊಂಡು ಬದುಕಿದವರಿಗೆ ನಿಮ್ಮ ಗಿಡಗಳು ಸಾಯುತ್ತಿಲ್ಲ, ಉದ್ಧಾರವಾಗುತ್ತಿವೆ ಎಂದರೆ ಯಾರಿಗೆ ಬೇಡ? ನನಗೂ ಒಂದು ಗಳಿಗೆ ಹಾಗೇ ಅನಿಸಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮರುದಿನ ಸಂತೆಪೇಟೆಯ ಗೋಡೆಯ ಮೇಲೆ ಪಂಚರ ಚೀಟಿ ಅಂಟಿತ್ತು. “ಇನ್ನು ಮುಂದೆ ಓಣಿಯ ಪಾಳಿ ಇರುವುದಿಲ್ಲ. ಗಿಡದ ಏಳಿಗೆಯನ್ನು ನೆಲದಿಂದ ತುದಿಯವರೆಗೆ ಅಳೆಯತಕ್ಕದ್ದು. ಹೆಚ್ಚು ಏಳಿಗೆಯ ನಲವತ್ತು ಗಿಡಗಳಿಗೆ ಮಾತ್ರ ಕಣದೊಳಗೆ ಪ್ರವೇಶ.” ಅಳೆಯಲು ಅರಿಶಿನದ ಪಟ್ಟಿ ಬಳಿದ ಒಂದು ಕೋಲು ಮಾಡಿಸಿದರು, ಅದಕ್ಕೆ ಏಳಿಗೆ ಕೋಲು ಎಂದು ಹೆಸರಿಟ್ಟರು. ಆ ಕೋಲನ್ನು ಹಿಡಿಯಲು ಯಾರನ್ನು ನೇಮಿಸಿದರು ಗೊತ್ತೇ? ನನ್ನ ಒಡಹುಟ್ಟಿದ ತಮ್ಮ ಚನವೀರನನ್ನು. ನಲವತ್ತು ದಾಟಿದರೂ ಯಾರಾದರೂ ದೊಡ್ಡವರು ಕೂಡು ಎಂದರೆ ಕೂಡುವ, ಏಳು ಎಂದರೆ ಏಳುವ ಮನುಷ್ಯ.

ಮೊದಲ ದಿನವೇ ಅವನು ನನ್ನ ಬುಟ್ಟಿಗಳ ಪಕ್ಕ ಕೋಲು ನಿಲ್ಲಿಸಿ ತಲೆ ಕೆರೆದುಕೊಂಡ.

“ಅಕ್ಕಾ, ನಿನ್ನವು ಎರಡನೇ ಪಟ್ಟಿಗೂ ಬರಂಗಿಲ್ಲ. ಮಂದಿವು ಎದಿಮಟ್ಟ ಅದಾವ.”

“ಮಂದಿವು ಎದಿಮಟ್ಟ ಯಾಕ ಅದಾವ, ನಿನಗ ಗೊತ್ತಿಲ್ಲೇನು? ಬೆಳಕು ಎಲ್ಲೈತಿ ಅಂತ ಹುಡುಕ್ಯಾಡಿ ಕುತ್ತಿಗಿ ಚಾಚ್ಯಾವ. ಹಸದ ಗಿಡ ಅವು. ನನ್ನವು ಉಂಡಾವ, ಅದಕ್ಕ ನೆಟ್ಟಗ ಕುಂತಾವ. ತೆನಿ ಬಂದೈತಿ, ಕಣ್ಣು ಬಿಟ್ಟು ನೋಡು!”

“ತೆನಿ ಅಳಿ ಅಂತ ಬರದಿಲ್ಲಕ್ಕಾ. ಏಳಿಗಿ ಅಳಿ ಅಂತ ಬರದಾರ.”

ಹೀಗೆ ನನ್ನ ನವಣೆ ಕಣದ ಆಚೆ ಬಿತ್ತು. ಎದೆಮಟ್ಟದ ಬಿಳಿಚು ಗಿಡಗಳು ಊರುಗೋಲು ಕಟ್ಟಿಸಿಕೊಂಡು ಒಳಗೆ ಹೋದವು. ಮಾಡಿದ್ದುಣ್ಣೋ ಮಹರಾಯ ಎಂದು ಬಿಡಬಹುದಿತ್ತು, ಆದರೆ ಮಾಡುವವರು ಅವರು, ಉಣ್ಣಬೇಕಾದವಳು ನಾನು. ನೆಟ್ಟಗೆ ಸಂಗನಬಸಪ್ಪನವರ ಕಟ್ಟೆಗೆ ಹೋದೆ. ಅವರು ಒಳ್ಳೆಯ ಮಾತಿನ ಮನುಷ್ಯ, ಬೈಯುವುದಿಲ್ಲ. ಅದೇ ಹೆಚ್ಚು ಸಿಟ್ಟು ತರಿಸುವುದು.

“ಕುಂದರು ತಂಗೀ. ನೀರ ಕುಡಿ,” ಎಂದರು. “ನಿನ್ನ ಪೈರು ಗಿಡ್ಡ ಉಳದದ್ದಕ್ಕ ನನಗೂ ಕೆಟ್ಟನಸತೈತಿ. ಆದ್ರ ಬಿಸಿಲು ಇರೋದ ಇಷ್ಟ. ಏಳಿಗಿ ಇಲ್ಲದ ಗಿಡಕ್ಕ ಕೊಟ್ಟು ಹಾಳ ಮಾಡ್ಲೇನು?”

“ಯಪ್ಪಾ, ಘಟದ ಸಸಿ ಹತ್ತನೇ ದಿನ ಏನಾಗತೈತಿ?” ಎಂದು ಕೇಳಿದೆ.

“ಹೊಳಿಗೆ ಬಿಡತೀವಿ.”

“ಯಾಕ ಬಿಡತೀರಿ? ಇಟ್ಟು ನೋಡ್ರಿ ಒಂದ್ಸಲ, ತೆನಿ ಹಾಕತೈತೇನು ಅಂತ!”

ಅವರು ನಕ್ಕರು. “ಹೆಣ್ಮಕ್ಕಳು ದೇವರ ಕೆಲಸದಾಗ ವಾದಾ ಮಾಡಬಾರದವ್ವಾ. ಘಟದ ಮರ್ಮ ನಿನಗ ತಿಳಿಯಂಗಿಲ್ಲ.”

ಘಟಕ್ಕೆ ಮಣ್ಣು ಜರಡಿ ಹಿಡಿಯುವವಳು ನಾನು, ಕಾಳು ನೆನೆಹಾಕುವವಳು ನಾನು, ಒಂಬತ್ತು ದಿನ ಉಪವಾಸ ಮಾಡಿ ನೀರು ಚಿಮುಕಿಸುವವಳು ನಾನು. ಮರ್ಮ ಮಾತ್ರ ಅವರ ರುಮಾಲಿನಲ್ಲಿದೆಯಂತೆ. ನೀರು ಕುಡಿಯದೆ ಎದ್ದು ಬಂದೆ.

ಊರು ಇದಕ್ಕೂ ಹೊಂದಿಕೊಂಡಿತು. ಕಣ ಸಿಗಬೇಕಾದರೆ ಗಿಡ ಉದ್ದವಾಗಬೇಕು, ಗಿಡ ಉದ್ದವಾಗಬೇಕಾದರೆ ಕತ್ತಲಿನಲ್ಲಿಡಬೇಕು ಎಂದು ಎರಡೇ ದಿನದಲ್ಲಿ ಎಲ್ಲರಿಗೂ ಗೊತ್ತಾಯಿತು. ಬುಟ್ಟಿ ಕವುಚಿದರು, ಮಂಚದ ಕೆಳಗಿಟ್ಟರು, ಜೋಳ ತೆಗೆದ ಖಾಲಿ ಹಗೇವಿಗೂ ಇಳಿಸಿದರು. ಬಿಸಿಲು ಪಡೆಯಲಿಕ್ಕೆಂದು ಗಿಡಕ್ಕೆ ಇದ್ದ ಬೆಳಕನ್ನೂ ತಪ್ಪಿಸುವ ಜನರನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ನಾನು ಕಂಡೆ. ಅವರ ಜೊತೆಗೇ ಇದ್ದೇನೆ. ಮೂರನೆಯ ದಿನ ಮಧ್ಯಾಹ್ನ ಚನವೀರ ಒಂದು ದೊಡ್ಡ ಬುಟ್ಟಿ ಹಿಡಿದು ನನ್ನ ಮನೆಗೆ ಬಂದ. ಬಾಗಿಲ ಹಿಂದೆ ನಿಂತು ಪಿಸುಗುಟ್ಟಿದ.

“ಅಕ್ಕಾ, ನಾಕು ದಿನ ಇದನ್ನ ನವಣಿ ಮ್ಯಾಲ ಮುಚ್ಚಿಡು. ಒಂದಿಷ್ಟು ಎದ್ದುವಂದ್ರ ಉಳಿದದ್ದು ನಾ ನೋಡ್ಕೋತೀನಿ. ಕೋಲು ನನ್ನ ಕೈಯಾಗ ಐತಿ.”

“ತೆನಿಯೊಳಗ ಹಾಲು ಏರೋ ಹೊತ್ತಿನಾಗ ಕತ್ತಲಾಗ ಇಡ್ಲ್ಯಾ? ನೀ ಈಗಷ್ಟ ಹುಟ್ಟಿದ ಕೂಸಿನ ಬಾಯಾಗಿಂದ ಮೊಲಿ ಕಸಗೊಳ್ಳೋ ಪೈಕಿ ಏನೋ?”

“ನಿನ್ನ ಒಳ್ಳೇದಕ್ಕ ಹೇಳಾಕ ಬಂದೆ.”

ಆ ಬುಟ್ಟಿಯನ್ನು ಅಂಗಳಕ್ಕೆ ಎಸೆದೆ. ಅದು ಉರುಳಿಕೊಂಡು ಹೋಗಿ ಪಕ್ಕದ ಮನೆಯ ಇಮಾಂಬಿಯ ಕಾಲಿಗೆ ಬಡಿಯಿತು. ಇಮಾಂಬಿ ಹತ್ತಿ ಹಿಂಜಿ ಗಾದಿ ತುಂಬುವವಳು. ಹತ್ತಿ ಬೆಳೆಯುವುದು ನಿಂತ ಮೇಲೆ ಅವಳ ಹಿಂಜುವ ಬಿಲ್ಲು ಗೋಡೆಗೆ ತೂಗುಹಾಕಿತ್ತು. ಅವಳು ಬುಟ್ಟಿಯನ್ನು ಎತ್ತಿ ತಂದು ಬಾಗಿಲಲ್ಲಿಟ್ಟು, ಚನವೀರ ಹೋದ ಮೇಲೆ ಕೇಳಿದಳು.

“ಬಾಳಕ್ಕಾ, ಚೀಟಿಯಾಗ ಏನಂತ ಬರದಾರ? ಇನ್ನೊಮ್ಮೆ ಹೇಳು.”

“ನೆಲದಿಂದ ತುದಿಯವರೆಗೆ ಅಳೆಯತಕ್ಕದ್ದು ಅಂತ.”

“ನೆಲದಿಂದನ?”

“ನೆಲದಿಂದನ.”

ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಸಾಯಂಕಾಲ ಅವಳು ತನ್ನ ಹತ್ತಿರ ಉಳಿದಿದ್ದ ಕೊನೆಯ ಹತ್ತಿಯನ್ನು ಹಳೆ ಸೀರೆಯಲ್ಲಿ ಸುತ್ತಿ ಎರಡು ದಪ್ಪ ಸಿಂಬಿ ಮಾಡಿದಳು, ಒಂದು ನನ್ನ ತಲೆಗೆ, ಒಂದು ಅವಳ ತಲೆಗೆ.

ಮರುದಿನ ಕಣ ಅಗಸೆಯೊಳಗೆ ಕಾಲಿಡುವ ಹೊತ್ತಿಗೆ ನಾವಿಬ್ಬರೂ ತಲೆಯ ಮೇಲೆ ಒಂದೊಂದು ಬುಟ್ಟಿ ನವಣೆ ಹೊತ್ತು ನಿಂತಿದ್ದೆವು. ಚನವೀರ ಕೋಲು ಹಿಡಿದು ಬಂದ.

“ಇಳಿಸಕ್ಕಾ, ಅಳೀಬೇಕು.”

“ಇಳಸಂಗಿಲ್ಲ. ನೆಲದಿಂದ ತುದಿಯವರೆಗೆ ಅಂತ ಐತಿ. ನನ್ನ ಕಾಲು ನೆಲದ ಮ್ಯಾಲನ ಅದಾವ. ಅಳಿ.”

ಅವನು ಹಿಂದೆ ನೋಡಿದ, ಮುಂದೆ ನೋಡಿದ. ಜನ ಸೇರಿದ್ದರು. ಕೋಲನ್ನು ನನ್ನ ಪಾದದ ಹತ್ತಿರ ಊರಿ ನಿಲ್ಲಿಸಿದ. ಕೋಲಿನ ತುದಿ ನನ್ನ ಕಿವಿಗೆ ಬಂತು.

“ಕೋಲು ಸಾಲವಲ್ದು,” ಎಂದ ಸಣ್ಣ ದನಿಯಲ್ಲಿ.

“ಹಂಗಾದ್ರ ಹಂಗ ಬರಕೋ. ಏಳಿಗಿ ಕೋಲಿಗಿಂತ ಹೆಚ್ಚು ಅಂತ ಬರಕೋ,” ಎಂದಳು ಇಮಾಂಬಿ. ಜನ ನಕ್ಕರು. ಚನವೀರ ಬರೆದುಕೊಂಡ. ಬರೆದದ್ದನ್ನು ಮೀರುವ ಧೈರ್ಯ ಅವನಿಗೆ ಯಾವತ್ತೂ ಇರಲಿಲ್ಲ, ಆ ದಿನ ಅದು ನನ್ನ ಉಪಯೋಗಕ್ಕೆ ಬಂತು.

ಕೇಳಲಿಕ್ಕೆ ಇದು ತಮಾಷೆ. ಹೊತ್ತವರಿಗೆ ಗೊತ್ತು. ಕೆಳಗಿಳಿಸಿದರೆ ಏಳಿಗೆ ಕಳೆಯಿತು, ಹೊರಗೆ ಹಾಕುತ್ತಾರೆ. ಅಗಸೆಯಿಂದ ಕೆರೆಯವರೆಗೆ, ಬೆಳಗಿನಿಂದ ಸಂಜೆಯವರೆಗೆ, ಕೂರುವ ಹಾಗಿಲ್ಲ, ಬಾಗುವ ಹಾಗಿಲ್ಲ, ಮೂಗು ತುರಿಸಿದರೂ ಒಂದು ಕೈಯಿಂದಲೇ. ಎರಡನೆಯ ದಿನಕ್ಕೆ ಕುತ್ತಿಗೆ ಕಟ್ಟಿಗೆಯಾಯಿತು. ಮೂರನೆಯ ದಿನ ನನ್ನ ಕಣ್ಣಿಗೆ ಕತ್ತಲೆ ಬಂದಾಗ ಇಮಾಂಬಿ ತನ್ನ ಬುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ನನ್ನ ರಟ್ಟೆ ಹಿಡಿದುಕೊಂಡಳು. ಸುತ್ತ ನೋಡಿದರೆ ಊರುಗೋಲು ಕಟ್ಟಿದ ಬಿಳಿಚು ಗಿಡಗಳು ಆರಾಮಾಗಿ ನೆಲದ ಮೇಲೆ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಅವುಗಳ ಒಡೆಯರು ಪಕ್ಕದಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ನನಗೆ ಅಳು ಬಂತು. ಕುತ್ತಿಗೆ ನೋವಿಗೆ ಬಂದ ಅಳು ಎಂದು ಅವರು ತಿಳಿದಿರಬೇಕು. ಅದು ಸಿಟ್ಟಿನ ಅಳು.

ಮೂರನೆಯ ಬುಟ್ಟಿ ಮನೆಯಲ್ಲೇ ಉಳಿದಿತ್ತು, ಮಬ್ಬಿನಲ್ಲಿ. ಹೊರಲು ಮೂರನೆಯ ತಲೆ ಬೇಕಿತ್ತು. ಚನವೀರನ ಮನೆಗೆ ಹೋಗಿ, ಬಾಯಿ ಬಿಟ್ಟು ಕೇಳಿದೆ. ಜೀವಮಾನದಲ್ಲಿ ಅವನ ಹತ್ತಿರ ನಾನು ಕೇಳಿದ್ದು ಅದೊಂದೇ.

“ನಾನ ಅಳತಿ ಮಾಡಂವ. ನಾನ ಹೊತ್ತು ನಿಂತ್ರ ಪಂಚರು ಏನಂದಾರು?” ಎಂದ.

“ನಮ್ಮವ್ವ ನಿನಗ ನವಣಿ ಗಂಜಿ ಕುಡಿಸಿ ಬೆಳಸ್ಯಾಳೋ.”

ಅವನು ಕೋಲಿನ ಮೇಲಿನ ಅರಿಶಿನದ ಪಟ್ಟಿಯನ್ನು ಉಗುರಿನಿಂದ ಕೆರೆಯುತ್ತ ನಿಂತ. ನಾನು ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ವಾಪಸಾದೆ.

ಐದನೆಯ ದಿನ ಕುಂಬಾರ ಓಣಿಯ ಒಬ್ಬಳು ತನ್ನ ಗಿಡ್ಡ ಈರುಳ್ಳಿ ಮಡಕೆಯನ್ನು ತಲೆಗೇರಿಸಿಕೊಂಡು ಬಂದಳು. ಆರನೆಯ ದಿನ ಹನ್ನೊಂದು ಜನ ಹೆಂಗಸರಾದೆವು. ಏಳನೆಯ ದಿನ ಬೆಳಗ್ಗೆ ಗೋಡೆಯ ಮೇಲೆ ಹೊಸ ಚೀಟಿ ಬಿದ್ದಿತು. “ಏಳಿಗೆಯನ್ನು ಗಿಡದ ಬುಡದ ಮಣ್ಣಿನಿಂದ ಅಳೆಯತಕ್ಕದ್ದು. ತಲೆಯ ಮೇಲೆ ಹೊತ್ತವರಿಗೆ ಪ್ರವೇಶವಿಲ್ಲ.” ಬುದ್ಧಿವಂತರ ಬುದ್ಧಿ ಅಗತ್ಯ ಬಿದ್ದಾಗ ಎಷ್ಟು ಚುರುಕಾಗಿ ಓಡುತ್ತದೆ ನೋಡಿ. ಗಿಡಗಳೇಕೆ ಬಿಳಿಚಿವೆ ಎಂದು ಯೋಚಿಸಲು ಎರಡು ವರ್ಷ ಸಾಲಲಿಲ್ಲ, ನಮ್ಮನ್ನು ಹೊರಗೆ ಹಾಕಲು ಒಂದು ರಾತ್ರಿ ಸಾಕಾಯಿತು. ಅರ್ಧ ಹಾಲು ತುಂಬಿದ ತೆನೆಗಳನ್ನು ಹೊತ್ತುಕೊಂಡು ಮನೆಗೆ ಬಂದೆವು. ಮೂರು ದಿನ ನಾನು ಅವುಗಳ ಪಕ್ಕ ಕೂತಿದ್ದೆ, ಮಾಡಲು ಬೇರೇನೂ ಇರಲಿಲ್ಲ. ಇಮಾಂಬಿ ಬಂದು ರೊಟ್ಟಿ ಮುರಿದು ಬಾಯಿಗಿಟ್ಟರೆ ತಿನ್ನುತ್ತಿದ್ದೆ.

ನಾಲ್ಕನೆಯ ದಿನ ಮಧ್ಯಾಹ್ನ ಕೆರೆಯ ಕಡೆಯಿಂದ ಗಾಳಿ ಬೀಸಿತು. ಬಿರುಗಾಳಿ ಅಂತ ಆಮೇಲೆ ಪಂಚರು ಹೇಳಿದರು. ನನ್ನ ಅಂಗಳದ ಹಗ್ಗದ ಮೇಲಿದ್ದ ರವಿಕೆಯೂ ಅದಕ್ಕೆ ಹಾರಲಿಲ್ಲ. ಬಯಲಿನಿಂದ ಗದ್ದಲ ಕೇಳಿ ಓಡಿಹೋದೆ. ಕಣದೊಳಗಿನ ನಲವತ್ತು ಗಿಡಗಳಲ್ಲಿ ನಿಂತದ್ದು ಒಂದೂ ಇರಲಿಲ್ಲ. ಊರುಗೋಲುಗಳು ನಿಂತಿದ್ದವು. ಅವುಗಳ ಬುಡದಲ್ಲಿ ಬಂಗಾರದ ಬಣ್ಣದ ಗಿಡಗಳು ನೆನೆದ ದಾರದಂತೆ ಸುತ್ತಿಕೊಂಡು ಬಿದ್ದಿದ್ದವು. ಆಗ ಸಂಗನಬಸಪ್ಪನವರು ಗಂಟಲು ಸರಿಮಾಡಿಕೊಂಡರು.

“ಹಣ್ಣು ಬಿಟ್ಟ ಮರ ಬಾಗತೈತಿ ಅಂತ ಹಿರಿಯರು ಸುಮ್ಮನ ಹೇಳಿಲ್ಲ. ದೇವಿಗೆ ನಮಸ್ಕಾರ ಮಾಡ್ಯಾವ.”

ನನಗೆ ತಡೆಯಲಾಗಲಿಲ್ಲ. ಗುಂಪನ್ನು ಸೀಳಿಕೊಂಡು ಹೋಗಿ, ಬಿದ್ದ ಗಿಡವೊಂದನ್ನು ಎತ್ತಿ ಅವರ ಮುಖದ ಮುಂದೆ ಹಿಡಿದೆ. “ಎಲ್ಲೈತ್ರಿ ಹಣ್ಣು? ಒಂದು ತೋರಿಸ್ರಿ! ಒಂದು ಹೀಚು ತೋರಿಸ್ರಿ! ಊರಿನ ಬಿಸಿಲೆಲ್ಲ ನುಂಗ್ಯಾವ ಇವು, ಒಂದು ಕಾಯಿ ತೋರಿಸ್ರಿ!”

ಸಂಗನಬಸಪ್ಪನವರು ರುಮಾಲು ಸರಿಮಾಡಿಕೊಂಡು, “ಬಾಳವ್ವಗ ಆರಾಮಿಲ್ಲ, ಮನಿಗೆ ಕರಕೊಂಡು ಹೋಗ್ರಿ,” ಎಂದರು. ಯಾರೂ ಮುಂದೆ ಬರಲಿಲ್ಲ. ಎಲ್ಲರೂ ಕೆಳಗೆ ಬಿದ್ದ ತಮ್ಮ ತಮ್ಮ ಗಿಡಗಳನ್ನು ನೋಡುತ್ತಿದ್ದರು.

ಮರುದಿನ ಚನವೀರ ಅಗಸೆಯಲ್ಲಿ ಕೋಲು ಹಿಡಿದು ನಿಂತ. ಹೊಸ ಚೀಟಿ ಹೇಳಿದಂತೆ ಬುಡದ ಮಣ್ಣಿನಿಂದ ಅಳೆದ. ಬಿದ್ದವು ಯಾವುದೂ ನಾಲ್ಕು ಬೆರಳಿನ ಮೇಲೆ ಏಳಲಿಲ್ಲ. ನಾನು, ಇಮಾಂಬಿ ಮೂರೂ ಬುಟ್ಟಿ ತಂದು ನೆಲದ ಮೇಲಿಟ್ಟೆವು. ಊರಿನಲ್ಲೇ ಹೆಚ್ಚು ಏಳಿಗೆ ನನ್ನ ಗಿಡ್ಡ ನವಣೆಯದು ಎಂದು ಅವನು ಬರೆದುಕೊಳ್ಳಬೇಕಾಯಿತು. ನಮ್ಮ ಹಿಂದೆ ಕುಂಬಾರ ಓಣಿಯ ಈರುಳ್ಳಿ ಬಂತು. ಪಂಚರು ಮತ್ತೊಂದು ಚೀಟಿ ಬರೆಯುತ್ತಿದ್ದರೋ ಏನೋ, ಆದರೆ ಅಳೆಯಲು ಬೇರೆಯವರ ಹತ್ತಿರ ನಿಂತ ಗಿಡವೇ ಇರಲಿಲ್ಲ. ಹಾಗೆ ಇನ್ನೂ ಒಂಬತ್ತು ದಿನದ ಬಿಸಿಲು ಸಿಕ್ಕಿತು. ಹೊತ್ತು ತಿರುಗಿದ ಎರಡು ಬುಟ್ಟಿಗಳ ತೆನೆಗಳು ತೂಕಕ್ಕೆ ಬಾಗಿದವು. ಮನೆಯಲ್ಲುಳಿದಿದ್ದ ಮೂರನೆಯ ಬುಟ್ಟಿಗೆ ಬಿಸಿಲು ತಡವಾಗಿ ಮುಟ್ಟಿತ್ತು. ಅದರ ತೆನೆಗಳು ನೆಟ್ಟಗೆ ನಿಂತೇ ಒಣಗಿದವು.

ಕೊಯ್ದು, ಉಜ್ಜಿ, ಮೊರದಲ್ಲಿ ಕೇರಿದೆ. ಎರಡು ಬುಟ್ಟಿಯಿಂದ ಬೊಗಸೆಗೆ ಸ್ವಲ್ಪ ಕಡಿಮೆ ಬೀಜ ಬಂತು. ಮೂರನೆಯದರದ್ದು ಬರೀ ಜೊಳ್ಳು, ನೋಡಲು ಕಾಳಿನ ಹಾಗೆಯೇ ಇತ್ತು. ಅದನ್ನು ಬಿಸಾಡದೆ ಬೇರೆ ತಟ್ಟೆಯಲ್ಲಿಟ್ಟೆ, ಯಾಕೆಂದು ನನಗೇ ಗೊತ್ತಿರಲಿಲ್ಲ. ಬೀಜಕ್ಕಾಗಿ ಓಣಿ ಓಣಿಯ ಹೆಂಗಸರು ಬರತೊಡಗಿದರು. ಬಂದವರಿಗೆ ಚಿಟಿಕೆ ಚಿಟಿಕೆ ಕೊಟ್ಟೆ. ಇಲ್ಲ ಅನ್ನಲು ನನಗೆ ಮನಸ್ಸಿರಲಿಲ್ಲವೆಂದಲ್ಲ, ಸಿಟ್ಟು ಇನ್ನೂ ಆರಿರಲಿಲ್ಲ. ಆದರೆ ಒಬ್ಬಳ ಮನೆಯಲ್ಲಿದ್ದ ಬೀಜ ಒಂದು ಇಲಿಗೆ ಸಾಕು. ಹತ್ತು ಮನೆಯಲ್ಲಿದ್ದರೆ ಉಳಿಯುತ್ತದೆ.

ಎಲ್ಲರೂ ಬಂದು ಹೋದ ಮೇಲೆ ಒಂದು ಮಧ್ಯಾಹ್ನ ಚನವೀರ ಬಂದ. ಕೋಲು ಇರಲಿಲ್ಲ, ಕೈಯಲ್ಲಿ ಕಾಗದ ಇತ್ತು. ಹೊಸ್ತಿಲ ಹೊರಗೇ ನಿಂತ.

“ಅಕ್ಕಾ, ಪಂಚರು ನವಣಿ ಬೀಜ ಕೇಳ್ಯಾರ. ಮತ್ತ,” ಎಂದು ಕಾಗದ ನೋಡಿಕೊಂಡ, “ಎಷ್ಟು ಎತ್ತರ ಬರತೈತಿ ಅಂತ ಬರಕೊಂಡು ಬಾ ಅಂದಾರ.”

ಇಷ್ಟೆಲ್ಲ ಆದ ಮೇಲೆ! ನನ್ನ ಕೈ ಮೇಲೆದ್ದಿತು. ಅವನು ಸರಿಯಲಿಲ್ಲ, ಹೊಡೆಯಲಿ ಎನ್ನುವ ಹಾಗೆ ಮುಖ ಮುಂದಿಟ್ಟು ನಿಂತ. ಅವನ ಕಣ್ಣಂಚು ಕೆಂಪಾಗಿತ್ತು. ಕೈ ಇಳಿಸಿದೆ. ತಟ್ಟೆಯಿಂದ ಒಂದು ಚಿಟಿಕೆ ಜೊಳ್ಳು ತೆಗೆದು ಅವನ ಅಂಗೈಗೆ ಹಾಕಿದೆ.

“ಇದು ನೀ ಹೊರಲಾರದ ಬುಟ್ಟಿದು. ಕಡಿ.”

ಅವನು ಬಾಯಿಗೆ ಹಾಕಿಕೊಂಡು ಕಡಿದ. ಸದ್ದೇ ಬರಲಿಲ್ಲ. ಹೊಟ್ಟು ನಾಲಿಗೆಗೆ ಅಂಟಿತು, ಬೆರಳಿನಿಂದ ತೆಗೆದುಕೊಂಡ. ನಾನು ಒಳಗೆ ಹೋಗಿ ಸೋರೆಬುರುಡೆಯಿಂದ ಒಂದು ಕಾಳು ತಂದೆ, ಒಂದೇ ಒಂದು.

“ಇದನ್ನ ಕಡಿ.”

“ಬ್ಯಾಡಕ್ಕಾ. ಬೀಜ ಇದು.”

“ಕಡಿ ಅಂದೆ.”

ಕಡಿದ. ಕಟಕ್ ಎಂದಿತು. ಬಹಳ ಸಣ್ಣ ಸದ್ದು, ಆದರೆ ಹೊಸ್ತಿಲ ಈಚೆ ನನಗೂ ಕೇಳಿಸಿತು. ಬಿತ್ತಿದ್ದರೆ ಆ ಒಂದು ಕಾಳು ಒಂದು ತೆನೆಯಾಗುತ್ತಿತ್ತು. ಚನವೀರ ಬಾಯಿ ಮುಚ್ಚಿಕೊಂಡು ನಿಂತ. ಕಾಳನ್ನು ನುಂಗಲಿಕ್ಕೂ ಅವನಿಗೆ ಧೈರ್ಯ ಬಂದಂತೆ ಕಾಣಲಿಲ್ಲ.

“ಆ ಸಪ್ಪಳ ಎಷ್ಟೈತೋ ಅಷ್ಟ ನೋಡು ಅದರ ಎತ್ತರ,” ಎಂದೆ. “ಬರಕೋ.”

ಅವನು ಹೊಸ್ತಿಲ ಮೇಲೆ ಕೂತು, ಮೊಣಕಾಲಿನ ಮೇಲೆ ಕಾಗದವಿಟ್ಟುಕೊಂಡು ಬಹಳ ಹೊತ್ತು ಬರೆದ. ಏನು ಬರೆದನೋ ನಾನು ಕೇಳಲಿಲ್ಲ, ಬುಟ್ಟಿಗಳಿಗೆ ಹೊಸ ಮಣ್ಣು ತುಂಬುವ ಕೆಲಸವಿತ್ತು. ಎರಡು ತುಂಬಿ ಮುಗಿಸಿ ತಿರುಗಿ ನೋಡಿದರೆ ಕಾಗದವನ್ನು ಹೊಸ್ತಿಲಲ್ಲೇ ಬಿಟ್ಟು, ಇನ್ನೂ ಹಳೆ ಮಣ್ಣು ತುಂಬಿದ್ದ ಮೂರನೆಯ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಭಾರ ನೋಡುತ್ತಿದ್ದ.